ಕಿರುಚಿತ್ರದಲ್ಲಿ ನಿಮ್ಮದೇ ದನಿ ಮೂಡುವುದು ಹೇಗೆ?

ಕೋಳಿ ಎತ್ತಿಕೊಂಡು ಊರು ಬಿಟ್ಟ ಅಜ್ಜಿಯ ಕಥೆ ನಮ್ಮಲ್ಲಿ ಕೇಳದವರು ಕಡಿಮೆ. ಹುಂಜವಿಲ್ಲ, ಹಾಗಾಗಿ ಊರಿಗೆ ಬೆಳಗೂ ಇಲ್ಲ. ಇಂಥ ಜನಪದ ಕಥೆಯ ಎಳೆಯನ್ನೇ ಹಿಡಿದು ಮೈಸೂರಿನ ಚಿದಾನಂದ ಎಸ್. ನಾಯ್ಕ್ ಮಾಡಿದ 16 ನಿಮಿಷದ ಕನ್ನಡ ಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ಸಿನಿಮಾ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಇರುವ ಕಾನ್ ಚಿತ್ರೋತ್ಸವದ ‘ಲಾ ಸಿನೆಫ್’ ವಿಭಾಗದಲ್ಲಿ ಅದು 2024ರಲ್ಲಿ ಮೊದಲ ಬಹುಮಾನ ಪಡೆಯಿತು. ವೈದ್ಯಕೀಯ ಓದಿದ್ದ ಚಿದಾನಂದ, ಪುಣೆಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಾದ ಎಫ್‌ಟಿಐಐನಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಯ ಅಭ್ಯಾಸವಾಗಿ ಅದನ್ನು ಮಾಡಿದ್ದರು. ಚಿತ್ರೀಕರಣ ಮುಗಿದದ್ದು ನಾಲ್ಕೇ ದಿನದಲ್ಲಿ.

ಸ್ವಂತ ಅಭಿವ್ಯಕ್ತಿ ಎಂದೊಡನೆ ಎಷ್ಟೋ ವಿದ್ಯಾರ್ಥಿಗಳು ತಮ್ಮ ಹಾಸ್ಟೆಲ್ ಕೋಣೆ, ತಮ್ಮ ಪ್ರೇಮ, ತಮ್ಮ ಒಂಟಿತನವನ್ನೇ ಬರೆಯಲು ಕೂರುತ್ತಾರೆ. ಅದೂ ಆಗಬಹುದು. ಆದರೆ ಕಥೆ ಊರಿನದ್ದಾಗಿದ್ದರೂ ಅದನ್ನು ನೋಡುವ ಕಣ್ಣು ನಿಮ್ಮದೇ ಆಗಿರಲು ಸಾಧ್ಯ. ಸೂರ್ಯ ಹುಟ್ಟದ ಊರು ಎಂದು ನಿರ್ಧರಿಸಿದ ಮೇಲೆ ಚಿದಾನಂದರ ಚಿತ್ರವನ್ನೆಲ್ಲ ರಾತ್ರಿಯಲ್ಲೇ ತೆಗೆಯಬೇಕಾಯಿತು. ಎಲ್ಲಿ ಬೆಳಕು ಬೀಳಬೇಕು, ಎಷ್ಟು ಕತ್ತಲು ಉಳಿಯಬೇಕು ಎಂಬ ಆಯ್ಕೆಗಳಲ್ಲೇ ನಿರ್ದೇಶಕನ ಮನಸ್ಸು ಕಾಣುವುದು. ಎಫ್‌ಟಿಐಐನ ಇಂಥ ಅಭ್ಯಾಸದಲ್ಲಿ ನಿರ್ದೇಶನ, ಕ್ಯಾಮೆರಾ, ಸಂಕಲನ, ಧ್ವನಿ ಒಬ್ಬೊಬ್ಬ ವಿದ್ಯಾರ್ಥಿಯ ಪಾಲಿಗೆ ಬರುತ್ತವೆ. ನಿಮಗೆ ಬೇಕಾದದ್ದನ್ನು ಉಳಿದ ಮೂವರಿಗೆ ಬಿಡಿಸಿ ಹೇಳಬೇಕು. ಹಾಗೆ ಹೇಳುವಾಗಲೇ ಅದು ನಿಮಗೂ ಸ್ಪಷ್ಟವಾಗುತ್ತದೆ. ಈ ಕಾರಣಕ್ಕೇ ಎಲ್ಲವನ್ನೂ ಒಬ್ಬರೇ ಮಾಡುವ ಹಟ ಬೇಡ ಎನ್ನುತ್ತೇನೆ.

ಕೈಯಲ್ಲಿರುವುದು ಮೊಬೈಲ್ ಮಾತ್ರವೇ? ಸಾಕು. ಆದರೆ ಅದು ನಿಮ್ಮ ಪರವಾಗಿ ತೀರ್ಮಾನ ಮಾಡಲು ಬಿಡಬೇಡಿ. ಅಮ್ಮ ಕತ್ತಲ ಅಡುಗೆಮನೆಯಿಂದ ಬಾಗಿಲಿಗೆ ಬಂದರೆ ಫೋನು ತಾನಾಗಿ ಬೆಳಕು ಹೊಂದಿಸಿಕೊಂಡು, ನಿಮಗೆ ಬೇಕಿದ್ದ ನೆರಳನ್ನೇ ಅಳಿಸಿಬಿಡುತ್ತದೆ. ಪರದೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಫೋಕಸ್, ಎಕ್ಸ್‌ಪೋಷರ್ ಎರಡೂ ಲಾಕ್ ಆಗುತ್ತವೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ದೃಶ್ಯ ಮಿಣುಕುತ್ತಿದ್ದರೆ ಕಾರಣ ನಮ್ಮ ಮನೆಗಳ ಕರೆಂಟು: ಅದು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕ್ಯಾಮೆರಾವನ್ನು ನಾವೇ ಹೊಂದಿಸಬಹುದಾದ ಪ್ರೊ ಮೋಡ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಪ್ರತಿ ಫ್ರೇಮಿಗೂ ಒಂದೇ ಪ್ರಮಾಣದ ಬೆಳಕು ಸಿಗುತ್ತದೆ.

ಧ್ವನಿಯನ್ನು ಕಡೆಗಣಿಸಿದ್ದರಿಂದಲೇ ಸೋತ ವಿದ್ಯಾರ್ಥಿ ಚಿತ್ರಗಳು ಬಹಳ. ಇನ್ನೊಂದು ಫೋನನ್ನು ರೆಕಾರ್ಡರ್ ಮಾಡಿ, ಮಾತಾಡುವವರ ಹತ್ತಿರ ಚೌಕಟ್ಟಿಗೆ ಕಾಣದಂತೆ ಇಡಿ. ಶಾಟ್ ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಎಡಿಟಿಂಗ್‌ನಲ್ಲಿ ದೃಶ್ಯಕ್ಕೆ ಧ್ವನಿಯನ್ನು ಹೊಂದಿಸುವುದು ಸುಲಭ. ಜಾಗ ಬಿಡುವ ಮುನ್ನ ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷ ಅಲ್ಲಿನ ಸದ್ದನ್ನಷ್ಟೇ ಹಿಡಿಯಿರಿ. ಮಾತಿನ ನಡುವಿನ ಖಾಲಿ ಜಾಗ ತುಂಬಲು ಅದು ಬೇಕೇ ಬೇಕು.

ಸಂಕಲನ ಮುಗಿದ ಮೇಲೆ ಒಮ್ಮೆ ಧ್ವನಿ ನಿಲ್ಲಿಸಿ ಪೂರ್ತಿ ನೋಡಿ. ಮಾತಿಲ್ಲದೆಯೂ ಅರ್ಥವಾಗುವ ಕಡೆ ಸಂಭಾಷಣೆ ಕತ್ತರಿಸಬಹುದು. ಸಿನಿಮಾ ಹಾಡನ್ನು ಎತ್ತಿ ಹಿನ್ನೆಲೆಗೆ ಹಾಕಬೇಡಿ. ಚಿತ್ರೋತ್ಸವಗಳು ಅದರ ಹಕ್ಕು ಇದೆಯೇ ಎಂದು ಕೇಳುತ್ತವೆ. ಹಾಡುವ ಗೆಳೆಯರಿದ್ದರೆ ಅವರಿಂದಲೇ ಹೊಸದಾಗಿ ಮಾಡಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.