ಅಳುವುದಕ್ಕೊಂದು ಸಂಘ: ಆಟಿಸಂ ಪೋಷಕರ ಗುಂಪುಗಳ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಆಟಿಸಂ ಇರುವ ಮಕ್ಕಳ ತಂದೆತಾಯಂದಿರು ತಾವೇ ಕೂಡಿ, ಸಂಬಳ ಸಾರಿಗೆಯಿಲ್ಲದೆ ನಡೆಸುವ ಬೆಂಬಲ ಗುಂಪುಗಳ ಸ್ವರೂಪ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ತಿಂಗಳಿಗೊಮ್ಮೆ ಭಾನುವಾರ ಯಾವುದಾದರೂ ಶಾಲೆಯ ಕೊಠಡಿಯಲ್ಲೋ ಥೆರಪಿ ಕೇಂದ್ರದ ಹಾಲ್‌ನಲ್ಲೋ ಸೇರುತ್ತಾರೆ, ಉಳಿದ ದಿನ ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿಕೊಳ್ಳುತ್ತಾರೆ. ಇವುಗಳ ಬಗ್ಗೆ ಇರುವ ತಪ್ಪು ಕಲ್ಪನೆಗಳಲ್ಲಿ ಅತಿ ಗಟ್ಟಿಯಾದದ್ದು ಓದಿದವರ ಬಾಯಲ್ಲೇ ಹೆಚ್ಚು ಕೇಳುತ್ತದೆ: ಇದು ನಾಲ್ಕು ಜನ ಒಟ್ಟಿಗೆ ಕೂತು ಅತ್ತು ಎದೆ ಹಗುರ ಮಾಡಿಕೊಳ್ಳುವ ಜಾಗ, ನಿಜವಾದ ಕೆಲಸವೇನಿದ್ದರೂ ಡಾಕ್ಟರ ಕೋಣೆಯಲ್ಲಿ, ತಾಯಂದಿರು ಒಬ್ಬರಿಗೊಬ್ಬರು ಏನು ತಾನೇ ಹೇಳಿಕೊಟ್ಟಾರು. "ಅಲ್ಲಿಗೆ ಹೋಗಿ ಏನು ಮಾಡ್ತೀಯಮ್ಮ, ಇದ್ದ ತಲೆನೂ ಕೆಡಿಸ್ಕೊಂಡು ಬರ್ತೀಯ" ಎಂಬುದು ಮನೆಯ ಹಿರಿಯರ ಮಾತು. ಅದನ್ನೇ ಇನ್ನಷ್ಟು ನಯವಾಗಿ ಹೇಳುವ ವೈದ್ಯರೂ ಇದ್ದಾರೆ.

ಈ ನಂಬಿಕೆಗೆ ಆಟಿಸಂನ ಇತಿಹಾಸವೇ ಅಡ್ಡ ನಿಲ್ಲುತ್ತದೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದ ಲೇಖನದಿಂದ ಆಟಿಸಂ ವೈದ್ಯಶಾಸ್ತ್ರದಲ್ಲಿ ನೆಲೆ ಕಂಡಿತು. ಆ ಹನ್ನೊಂದರಲ್ಲಿ ಮೊದಲನೆಯವನು ಮಿಸಿಸಿಪ್ಪಿ ರಾಜ್ಯದ ಡೊನಾಲ್ಡ್. ಕ್ಯಾನರ್ ಹುಡುಗನನ್ನು ನೋಡುವ ಮೊದಲೇ ಅವನ ತಂದೆ ಮಗನ ನಡವಳಿಕೆಯನ್ನೆಲ್ಲ ವಿವರಿಸಿ 33 ಪುಟಗಳ ಪತ್ರ ಕಳಿಸಿದ್ದರು. ಡೊನಾಲ್ಡ್‌ನ ಎಳವೆಯ ವಿವರಗಳು ಲೇಖನಕ್ಕೆ ಬಂದದ್ದು ಆ ಪತ್ರದಿಂದ. ಮೊದಲ ರೋಗಿಯ ಮೊದಲ ಕೇಸ್ ಶೀಟು ಬರೆದವರು ಒಬ್ಬ ವಕೀಲ ತಂದೆ ಎಂದಾಯಿತು.

ಇಷ್ಟು ಸಹಾಯ ಮಾಡಿದ ತಂದೆತಾಯಂದಿರಿಗೆ ಮುಂದಿನ ಎರಡು ದಶಕ ಸಿಕ್ಕ ಪ್ರತಿಫಲ ಅಪವಾದ. ಈ ಮಕ್ಕಳ ಪೋಷಕರಲ್ಲಿ ಮಮತೆಯ ಬಿಸಿಯಿಲ್ಲ ಎಂದು 1949ರ ಹೊತ್ತಿಗೆ ಕ್ಯಾನರ್ ಅವರೇ ಬರೆದರು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಅದನ್ನು ದೊಡ್ಡ ಸಿದ್ಧಾಂತವಾಗಿಯೇ ಬೆಳೆಸಿದರು: ತಾಯಿ ಒಳಗೊಳಗೇ ಬೇಡವೆಂದುಕೊಂಡ ಕಾರಣಕ್ಕೆ ಮಗು ತನ್ನೊಳಗೆ ಸೇರಿಕೊಂಡಿದೆ, ಆದ್ದರಿಂದ ಮಗುವನ್ನು ಮನೆಯಿಂದ ದೂರ ಇಡುವುದೇ ಚಿಕಿತ್ಸೆ. ಬೆಟಲ್‌ಹೈಮ್ ವೈದ್ಯರಲ್ಲ, ಅವರ ಡಾಕ್ಟರೇಟ್ ಸೌಂದರ್ಯಶಾಸ್ತ್ರಕ್ಕೆ ಸಂಬಂಧಿಸಿದ್ದು. ಆದರೂ ಪತ್ರಿಕೆಗಳು, ಟಿವಿ, ವಿಶ್ವವಿದ್ಯಾಲಯಗಳು ಅವರನ್ನು ತಜ್ಞರೆಂದು ಹೊತ್ತು ಮೆರೆಸಿದವು. ಒಂದು ತಲೆಮಾರಿನ ತಾಯಂದಿರು ಮಗುವಿನ ಚಿಕಿತ್ಸೆಗೆಂದು ಹೋಗಿ ತಮ್ಮ ತಪ್ಪೇನೆಂದು ಹುಡುಕಿಕೊಳ್ಳುತ್ತ ಕೂತರು.

ಈ ಅಪವಾದವನ್ನು ಕೆಡವಿದವರಲ್ಲಿ ಮುಂಚೂಣಿಯಲ್ಲಿದ್ದವರು ಪೋಷಕರೇ. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲಂಡ್‌ಗೆ ಆಟಿಸಂ ಇದ್ದ ಮಗನಿದ್ದ. ಸಿಕ್ಕ ಸಂಶೋಧನೆಯನ್ನೆಲ್ಲ ಜಾಲಾಡಿ, ಇದು ಮಿದುಳಿನ ಬೆಳವಣಿಗೆಗೆ ಸೇರಿದ ವಿಷಯ ಎಂದು ವಾದಿಸುವ ಪುಸ್ತಕವನ್ನು ಅವರು 1964ರಲ್ಲಿ ಪ್ರಕಟಿಸಿದರು. ಅದಕ್ಕೆ ಮುನ್ನುಡಿ ಬರೆದವರು ಕ್ಯಾನರ್. ಮರುವರ್ಷ ರಿಮ್ಲಂಡ್, ರೂತ್ ಸಲಿವನ್ ಮೊದಲಾದ ಪೋಷಕರು ಸೇರಿ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. 1969ರಲ್ಲಿ ಇದೇ ಸಂಘದ ಸಭೆಗೆ ಬಂದ ಕ್ಯಾನರ್, ಪೋಷಕರು ನಿರ್ದೋಷಿಗಳು ಎಂದು ವೇದಿಕೆಯಿಂದಲೇ ಘೋಷಿಸಿದರು. 1977ರಲ್ಲಿ ಲಂಡನ್ನಿನ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೇಲ್ ರಟರ್ 21 ಜೋಡಿ ಅವಳಿಗಳ ಅಧ್ಯಯನದಲ್ಲಿ ಕಂಡದ್ದು ಇನ್ನೂ ಸ್ಪಷ್ಟ. ತದ್ರೂಪಿ ಅವಳಿಗಳ 11 ಜೋಡಿಗಳಲ್ಲಿ 4ರಲ್ಲಿ ಇಬ್ಬರಿಗೂ ಆಟಿಸಂ ಇತ್ತು, ತದ್ರೂಪಿಯಲ್ಲದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ತಾಯಿಯ ಮಮತೆ ಎರಡೂ ಬಗೆಯ ಅವಳಿಗಳಿಗೆ ಒಂದೇ ತಾನೆ.

ಬ್ರಿಟನ್ನಿನಲ್ಲಿ ಪೋಷಕರ ಸಂಘ ಹುಟ್ಟಿದ್ದು 1962ರಲ್ಲಿ. ಸ್ಥಾಪಕರಲ್ಲೊಬ್ಬರಾದ ಲೋರ್ನಾ ವಿಂಗ್ ಮನೋವೈದ್ಯೆಯೂ ಹೌದು, ಆಟಿಸಂ ಇದ್ದ ಮಗಳ ತಾಯಿಯೂ ಹೌದು. ಸಂಘ 1965ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಸಿಬಿಲ್ ಎಲ್ಗರ್ ಎಂಬ ಶಿಕ್ಷಕಿಯ ನೇತೃತ್ವದಲ್ಲಿ ಈ ಮಕ್ಕಳಿಗೆಂದೇ ಶಾಲೆ ತೆರೆಯಿತು. ಆಟಿಸಂ ಒಂದೇ ಅಚ್ಚಿನದಲ್ಲ, ಅದೊಂದು ವ್ಯಾಪ್ತಿ, ಒಬ್ಬೊಬ್ಬರಲ್ಲಿ ಒಂದೊಂದು ಪ್ರಮಾಣದಲ್ಲಿರುತ್ತದೆ ಎಂಬ ಇಂದಿನ ತಿಳಿವಳಿಕೆ ಗಟ್ಟಿಯಾದದ್ದು ವಿಂಗ್ ಮತ್ತು ಜೂಡಿತ್ ಗೂಲ್ಡ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಭಾರತದಲ್ಲಿ 1991ರಲ್ಲಿ ದೆಹಲಿಯಲ್ಲಿ ಆ್ಯಕ್ಷನ್ ಫಾರ್ ಆಟಿಸಂ ಶುರು ಮಾಡಿದ ಮೆರಿ ಬರುವಾ ಕೂಡ ಒಬ್ಬ ತಾಯಿ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಗೆ, ಆಮೇಲೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದ 2016ರ ಕಾಯ್ದೆಗೆ ಅದು ಬಂದು ಸೇರಿದ್ದರ ಹಿಂದೆ ಪೋಷಕ ಸಂಘಟನೆಗಳ ವರ್ಷಗಟ್ಟಲೆಯ ಓಡಾಟವಿದೆ. ಅಳುವುದಕ್ಕೆ ಸೇರಿದವರು ಮಾಡಿದ ಕೆಲಸ ಇಷ್ಟು.

ಬೆಟಲ್‌ಹೈಮ್ ಸಿದ್ಧಾಂತ ಸತ್ತು ಅರ್ಧ ಶತಮಾನವಾದರೂ ನಮ್ಮ ಮನೆಗಳಲ್ಲಿ ಅದು ಬೇರೆ ಸೀರೆ ಉಟ್ಟು ಓಡಾಡುತ್ತಿದೆ. ತಾಯಿ ಕೆಲಸಕ್ಕೆ ಹೋದಳು, ಅತ್ತೆ ಮಾವನನ್ನು ಬಿಟ್ಟು ಬೇರೆ ಮನೆ ಮಾಡಿದಳು, ಕೈಗೆ ಮೊಬೈಲ್ ಕೊಟ್ಟು ಕೂರಿಸಿದಳು, ಅದಕ್ಕೇ ಮಗು ಹೀಗಾಯಿತು ಎಂಬ ತೀರ್ಪಿಗೆ ಇಂದಿಗೂ ಸಾಕ್ಷಿ ಕೇಳುವವರಿಲ್ಲ. ಅತಿಯಾದ ಮೊಬೈಲ್‌ನಿಂದ ಎಳೆಯ ಮಕ್ಕಳ ಮಾತು, ನಿದ್ದೆ ಹಿಂದೆ ಬೀಳಬಹುದು, ಅದು ಬೇರೆ ಮಾತು. ಆಟಿಸಂ ಮೊಬೈಲ್ ಹುಟ್ಟುವ ಮೊದಲೂ ಇತ್ತು, ಹತ್ತು ಜನ ಉಣ್ಣುತ್ತಿದ್ದ ಕೂಡುಕುಟುಂಬಗಳಲ್ಲೂ ಇತ್ತು. ಈ ಆಪಾದನೆ ಹೊತ್ತ ತಾಯಿಗೆ, ಅದೇ ಆಪಾದನೆ ಹೊತ್ತ ಇನ್ನೂ ಇಪ್ಪತ್ತು ಜನ ಒಂದೇ ಕೋಣೆಯಲ್ಲಿ ಸಿಗುವುದು ಗುಂಪಿನ ಮೊದಲ ಉಪಕಾರ. ಅಲ್ಲಿ ಯಾರಾದರೂ ಅತ್ತರೆ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಸಾಮಾನ್ಯವಾಗಿ ಅದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಏಕೆಂದರೆ ಮಾತಾಡಬೇಕಾದ ಬೇರೆ ವಿಷಯ ರಾಶಿ ಇರುತ್ತದೆ.

ಅಂಥ ವಿಷಯಗಳಲ್ಲಿ ಒಂದು ಕ್ಷೌರ. ಪುಸ್ತಕಗಳಲ್ಲಿ ಇದಕ್ಕೆ ಸಿಗುವ ಜಾಗ ಕಡಿಮೆ, ಮನೆಗಳಲ್ಲಿ ಮಾತ್ರ ಇದು ತಿಂಗಳಿಗೊಂದು ಯುದ್ಧ. ಟ್ರಿಮ್ಮರಿನ ಗುಂಯ್ ಸದ್ದು, ಕುತ್ತಿಗೆಗೆ ಬಿಗಿಯುವ ಬಟ್ಟೆ, ಮುಖಕ್ಕೆ ಚಿಮ್ಮುವ ನೀರು, ಕಾಲರಿನೊಳಗೆ ಉದುರಿ ಚುಚ್ಚುವ ಕೂದಲು ಇವೆಲ್ಲ ಸ್ಪರ್ಶ ಮತ್ತು ಶಬ್ದದ ಸೂಕ್ಷ್ಮತೆ ಇರುವ ಮಗುವಿಗೆ ಒಟ್ಟಿಗೇ ಎರಗುತ್ತವೆ. ನಾಲ್ಕು ಜನ ಹಿಡಿದುಕೊಂಡು ಕತ್ತರಿಸಿದರೆ ಮುಂದಿನ ಸಲ ಮಗು ಅಂಗಡಿಯ ಬೀದಿಗೇ ಕಾಲಿಡುವುದಿಲ್ಲ. ಇದನ್ನು ದಾಟಿಬಂದ ತಂದೆಯೊಬ್ಬರು ಗುಂಪಿನಲ್ಲಿ ಹೇಳಿಕೊಡುವ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ: ಟ್ರಿಮ್ಮರ್ ಕೊಂಡು ಮನೆಯಲ್ಲಿ ಆಫ್ ಮಾಡಿಯೇ ಕೆಲವು ದಿನ ಆಟದ ಸಾಮಾನಿನ ನಡುವೆ ಇಡುವುದು, ಆಮೇಲೆ ಪಕ್ಕದ ಕೋಣೆಯಲ್ಲಿ ಆನ್ ಮಾಡುವುದು, ಸದ್ದಿಗೆ ಒಗ್ಗಿದ ಮೇಲೆ ಅದರ ಹಿಂಬದಿಯನ್ನು ಮುಂಗೈಗೆ ಮುಟ್ಟಿಸುವುದು, ಬಟ್ಟೆಯ ಬದಲು ಮಗುವಿನ ಹಳೆಯ ಅಂಗಿಯನ್ನೇ ಹೊದಿಸುವುದು, ಕಟಿಂಗ್ ಶಾಪಿನವರಿಗೆ ಮೊದಲೇ ಹೇಳಿ ಬುಧವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ, ಬೇರೆ ಗಿರಾಕಿಗಳು ಬರುವ ಮುಂಚೆ ಹೋಗುವುದು. ಮೊದಲ ಸಲ ಬರೀ ಕುರ್ಚಿಯ ಮೇಲೆ ಕೂತು ವಾಪಸ್ಸು. ಆಕ್ಯುಪೇಷನಲ್ ಥೆರಪಿಸ್ಟ್ ಕೂಡ ಇದನ್ನೇ ಹೇಳಿಯಾರು. ಆದರೆ ಯಾವ ಬಡಾವಣೆಯ ಯಾವ ಅಂಗಡಿಯವರಿಗೆ ತಾಳ್ಮೆಯಿದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಕಾಗದಪತ್ರದ ವಿಚಾರದಲ್ಲೂ ಹಾಗೆಯೇ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವುದು, ಆಟಿಸಂ ಅಳೆಯಲು ಭಾರತದಲ್ಲಿ ಬಳಸುವ 40 ಅಂಶಗಳ ಐಎಸ್‌ಎಎ ಮೌಲ್ಯಮಾಪನಕ್ಕೆ ಹೋಗುವಾಗ ಮಗುವಿನ ಬಗ್ಗೆ ಏನೇನು ಬರೆದಿಟ್ಟುಕೊಂಡಿರಬೇಕು, ಪ್ರಮಾಣಪತ್ರದಲ್ಲಿ ಅಂಗವೈಕಲ್ಯ ಶೇ. 40 ಮುಟ್ಟದಿದ್ದರೆ ಯಾವ ಸೌಲಭ್ಯ ತಪ್ಪುತ್ತದೆ, ಥೆರಪಿ ಖರ್ಚಿಗೂ ಒದಗುವ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ವಿಮೆಗೆ ಸೇರುವುದು ಹೇಗೆ, ಪರೀಕ್ಷೆಯಲ್ಲಿ ಬರಹಗಾರರನ್ನೂ ಹೆಚ್ಚುವರಿ ಸಮಯವನ್ನೂ ಕೇಳಿ ಪಡೆಯಲು ಶಾಲೆಯವರ ಹತ್ತಿರ ಯಾವಾಗ ಮಾತಾಡಬೇಕು. ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿದ ಸಂಗತಿ ಇನ್ನೊಂದಿದೆ. ಮಗ ಅಥವಾ ಮಗಳಿಗೆ 18 ತುಂಬಿದ ದಿನ ಕಾನೂನಿನ ಕಣ್ಣಿಗೆ ತಂದೆತಾಯಿ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ಬ್ಯಾಂಕು, ಆಸ್ತಿ ವ್ಯವಹಾರಕ್ಕೆ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಆದೇಶ ಪಡೆಯಬೇಕಾಗಿ ಬರಬಹುದು. ಹದಿನೈದು ನಿಮಿಷದ ಕನ್ಸಲ್ಟೇಷನ್ನಿನಲ್ಲಿ ಇದನ್ನು ಹೇಳುವ ಪುರುಸೊತ್ತು ಯಾವ ವೈದ್ಯರಿಗೂ ಇಲ್ಲ, ಅದು ಅವರ ಕೆಲಸವೂ ಅಲ್ಲ. ಹಿಂದಿನ ವರ್ಷ ಆ ಕಚೇರಿಯ ಮೆಟ್ಟಿಲು ಹತ್ತಿದ ಇನ್ನೊಬ್ಬ ತಾಯಿಗೆ ಗೊತ್ತಿರುತ್ತದೆ.

ತಜ್ಞರಲ್ಲದವರ ಕೈಲಿ ಏನೂ ಆಗದು ಎಂಬ ವಾದಕ್ಕೆ ಸಂಶೋಧನೆಯ ಉತ್ತರವೂ ಇದೆ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಮಗುವಿನ ಸನ್ನೆಗೆ ಸರಿಯಾಗಿ ಸ್ಪಂದಿಸುವುದನ್ನು ಪೋಷಕರಿಗೆ ಕಲಿಸಿದರು. ಪೋಷಕರ ಸ್ಪಂದನವೂ, ಮಗು ತಾನಾಗಿ ಮಾತುಕತೆಗೆ ಮುಂದಾಗುವುದೂ ಸುಧಾರಿಸಿತು. ಇದು ಬೆಂಬಲ ಗುಂಪುಗಳ ಅಧ್ಯಯನವಲ್ಲ ಎಂಬುದು ನಿಜ. ಬರೀ ಸಭೆಗೆ ಹೋದ ಮಾತ್ರಕ್ಕೆ ಮಗುವಿನ ಆಟಿಸಂ ಕಡಿಮೆಯಾಗುತ್ತದೆ ಎಂದು ಯಾರೂ ತೋರಿಸಿಲ್ಲ, ಒಳ್ಳೆಯ ಗುಂಪುಗಳು ಹಾಗೆ ಹೇಳಿಕೊಳ್ಳುವುದೂ ಇಲ್ಲ.

ಉಳಿದ ತಪ್ಪು ಕಲ್ಪನೆಗಳು ಚಿಕ್ಕವು. ಬೇರೆ ಮಕ್ಕಳನ್ನು ನೋಡಿ ನಮ್ಮ ಮಗು ಆಟಿಸಂನ ಲಕ್ಷಣಗಳನ್ನು ಇನ್ನಷ್ಟು ಕಲಿತುಬಿಡುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ, ಆಟಿಸಂ ನೆಗಡಿಯಂತೆ ಅಂಟುವುದಿಲ್ಲ. ಗುಂಪಿಗೆ ಹೋದರೆ ಹಣೆಪಟ್ಟಿ ಅಂಟುತ್ತದೆ ಎನ್ನುವವರು ನೆರೆಹೊರೆಯವರು ಆಗಲೇ ಅಂಟಿಸಿರುವ ಹೆಸರುಗಳನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಅಪ್ಪನೂ ತಡವಾಗಿ ಮಾತಾಡಿದ್ದ, ನಾಲಿಗೆಗೆ ಬಜೆ ತಿಕ್ಕಿದರೆ ಸಾಕು ಎಂದು ಕಾಯುವುದರಿಂದ ಹೋಗುವುದು ತಿಂಗಳುಗಳು. ಗಂಡಸರಿಗೆ ಅಲ್ಲಿ ಕೆಲಸವಿಲ್ಲ ಎಂಬುದಂತೂ ಗಂಡಸರಿಗೆ ಬಲು ಅನುಕೂಲವಾದ ನಂಬಿಕೆ. ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಗುಲ್ಲಿಗೆ ಮೂಲವಾದ ಆ್ಯಂಡ್ರೂ ವೇಕ್‌ಫೀಲ್ಡ್ ಲೇಖನ 1998ರಲ್ಲಿ ಬಂದದ್ದು 12 ಮಕ್ಕಳ ಮೇಲೆ, ಲ್ಯಾನ್ಸೆಟ್ ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು.

ಗುಂಪುಗಳನ್ನು ಹೊಗಳುವವರಲ್ಲೂ ಒಂದು ತಪ್ಪು ಕಲ್ಪನೆಯಿದೆ. ಅನುಭವಿಸಿದವರ ಮಾತು ಸುಳ್ಳಾಗದು ಎಂಬುದು. ಇದು ಮೊದಲಿನದಕ್ಕಿಂತ ಹೆಚ್ಚು ಅಪಾಯಕಾರಿ. 1998ರಲ್ಲಿ ಅಮೆರಿಕದಲ್ಲಿ, ಹೊಟ್ಟೆಯ ಪರೀಕ್ಷೆಗೆಂದು ಸೆಕ್ರೆಟಿನ್ ಎಂಬ ಹಾರ್ಮೋನು ಕೊಟ್ಟ ಮೇಲೆ ಹುಡುಗನೊಬ್ಬ ಸುಧಾರಿಸಿದ ಎಂಬ ಸುದ್ದಿ ಪೋಷಕರ ಬಳಗಗಳಲ್ಲಿ ಕಾಳ್ಗಿಚ್ಚಾಯಿತು. ಮರುವರ್ಷ 60 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಸೆಕ್ರೆಟಿನ್ ಪಡೆದವರಿಗೂ ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಫಲಿತಾಂಶ ತಿಳಿಸಿದ ಮೇಲೂ ಅರ್ಧಕ್ಕಿಂತ ಹೆಚ್ಚು ಪೋಷಕರು ತಮಗೆ ಅದರಲ್ಲಿ ಇನ್ನೂ ಆಸಕ್ತಿಯಿದೆ ಎಂದರು. ಪೋಷಕರ ಮೇಲಿನ ಅಪವಾದ ತೊಡೆದುಹಾಕಿದ ರಿಮ್ಲಂಡ್ ಅವರೇ ಮುಂದೆ ಸೆಕ್ರೆಟಿನ್ ಪರ ನಿಂತರು, ಲಸಿಕೆಗಳ ಮೇಲೆ ಅನುಮಾನ ಹರಡಿದರು.

ನಮ್ಮಲ್ಲಿ ಸೆಕ್ರೆಟಿನ್ ಜಾಗದಲ್ಲಿರುವುದು ಸ್ಟೆಮ್ ಸೆಲ್ ಚಿಕಿತ್ಸೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಆಟಿಸಂಗೆ ಸ್ಟೆಮ್ ಸೆಲ್ ಅಂಗೀಕೃತ ಚಿಕಿತ್ಸೆಯಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕ ಮಂಡಳಿ 2022ರ ಡಿಸೆಂಬರ್‌ನಲ್ಲಿ, ಇದನ್ನು ಚಿಕಿತ್ಸೆಯಾಗಿ ಕೊಡಬಾರದು ಎಂದೇ ಹೇಳಿತು. ಆದರೂ ಸೈಟು ಮಾರಿ, ಒಡವೆ ಅಡವಿಟ್ಟು ಲಕ್ಷಗಟ್ಟಲೆ ಸುರಿದ ಕುಟುಂಬಗಳಿವೆ. ಕಾಸು ಕೇಳದ ಭಾನುವಾರದ ಸಭೆಯನ್ನು ಅಳುವ ಸಂಘ ಎಂದು ನಕ್ಕವರೇ ಬಿಳಿ ಕೋಟು, ದೊಡ್ಡ ಬಿಲ್ಲು, ಗೋಡೆಯ ತುಂಬ ಪ್ರಮಾಣಪತ್ರ ಕಂಡರೆ ಮರುಮಾತಿಲ್ಲದೆ ನಂಬುತ್ತಾರೆ. ಅದೂ ಕೈಕೊಟ್ಟರೆ ನಾಗದೋಷಕ್ಕೆ ಪೂಜೆ, ತೋಳಿಗೆ ತಾಯತ, ಮತ್ತೆಲ್ಲೋ ಗುಟ್ಟಿನ ಪುಡಿ. ಪುಕ್ಕಟೆ ಸಿಗುವುದಕ್ಕೆ ಬೆಲೆಯಿಲ್ಲ, ಬೆಲೆ ಹೆಚ್ಚಿದ್ದಕ್ಕೆ ಗುಣವಿದ್ದೇ ಇರುತ್ತದೆ ಎಂಬ ಲೆಕ್ಕಾಚಾರ ಆಟಿಸಂನಲ್ಲಿ ಮಾತ್ರವಲ್ಲ, ಕೋಚಿಂಗ್ ಸೆಂಟರಿನಿಂದ ಮೊಣಕಾಲು ಎಣ್ಣೆಯವರೆಗೆ ಎಲ್ಲೆಡೆ ಇದೆ.

ಗುಂಪುಗಳಿಗೆ ತಮ್ಮದೇ ಮಿತಿಗಳೂ ಇವೆ. ಕೆಲಸವೆಲ್ಲ ಒಬ್ಬಿಬ್ಬರ ಹೆಗಲ ಮೇಲೆ ಬೀಳುತ್ತದೆ, ಅವರ ಮಗನಿಗೇ ಕಷ್ಟ ಬಂದ ತಿಂಗಳು ಸಭೆ ನಿಲ್ಲುತ್ತದೆ. ಚಿಕ್ಕ ಮಕ್ಕಳ ಪೋಷಕರು ತುಂಬಿರುತ್ತಾರೆ, ಮಕ್ಕಳು ಇಪ್ಪತ್ತು ದಾಟಿದವರು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಾರೆ, ಹೊಸಬರಿಗೆ ಬೇಕಾಗಿರುವುದು ನಿಜಕ್ಕೂ ಅವರೇ. ಆಟಿಸಂ ಇರುವ ವಯಸ್ಕರ ದನಿಯೂ ಬಹಳ ಗುಂಪುಗಳಲ್ಲಿಲ್ಲ. 1992ರಲ್ಲಿ ಅಂಥವರೇ ಸೇರಿ ತಮ್ಮದೇ ಸಂಘಟನೆ ಕಟ್ಟಿದ ಅಮೆರಿಕದ ಜಿಮ್ ಸಿಂಕ್ಲೇರ್, ನಮಗಾಗಿ ಶೋಕಿಸುವುದನ್ನು ನಿಲ್ಲಿಸಿ ಎಂದು ಮರುವರ್ಷ ಪೋಷಕರಿಗೇ ನೇರವಾಗಿ ಹೇಳಿದ್ದರು. ಆ ಮಾತು ನಮ್ಮ ಸಭೆಗಳಿಗೆ ಈಗೀಗ ತಲುಪುತ್ತಿದೆ.

ರೋಗನಿರ್ಣಯ ಮತ್ತು ಔಷಧ ಗುಂಪಿನ ಕೆಲಸವಲ್ಲ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು, ಆದ್ದರಿಂದ ಫಿಟ್ಸ್ ಮಾತ್ರೆಯ ಪ್ರಮಾಣ ಇಳಿಸಬಹುದೇ ಎಂಬ ಪ್ರಶ್ನೆ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಪಳಗಿದ ಸ್ವಯಂಸೇವಕರು ಅದಕ್ಕೆ ಉತ್ತರ ಕೊಡುವುದಿಲ್ಲ. ಊರಿನಲ್ಲಿ ಯಾವ ನರರೋಗ ತಜ್ಞರು ಇಂಥ ಮಕ್ಕಳನ್ನು ಕಾಯಿಸದೆ ನೋಡುತ್ತಾರೆ ಎಂಬುದನ್ನಷ್ಟೇ ಬರೆದು ಕಳಿಸುತ್ತಾರೆ.