ಶಾಲೆಯ ಮಾಡು, ಪಂಚಾಯತಿನ ಪುಸ್ತಕ

ಗ್ರಾಮ ಪಂಚಾಯತಿನ ಆಡಳಿತ ಸಮಿತಿ ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂಬುದು 1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಕಟ್ಟಳೆ. ಆ ಸಭೆಯ ಕಾರ್ಯಸೂಚಿಯನ್ನು ಓದುವವರು ವಿರಳ; ಓದಿದವರಿಗೂ ಅದರಲ್ಲಿ ರೋಚಕವಾದುದೇನೂ ದೊರೆಯದು. ಹಿಂದಿನ ಸಭೆಯ ನಡವಳಿಯ ಅಂಗೀಕಾರ, ವೃದ್ಧಾಪ್ಯ ಮತ್ತು ವಿಧವಾ ಪಿಂಚಣಿಯ ಅರ್ಜಿಗಳು, ಬೀದಿದೀಪಗಳ ವಿದ್ಯುತ್ ಬಿಲ್ಲು, ಅಂಗನವಾಡಿಯ ಪೌಷ್ಟಿಕ ಆಹಾರದ ವೆಚ್ಚ, ಹರಿತ ಕರ್ಮ ಸೇನೆಯವರು ಮನೆಮನೆಯಿಂದ ಸಂಗ್ರಹಿಸಿದ ಪ್ಲಾಸ್ಟಿಕ್ಕನ್ನು ಸಾಗಿಸುವ ಏರ್ಪಾಡು, ಯಾವುದೋ ಅಡ್ಡರಸ್ತೆಯ ಕಾಂಕ್ರೀಟು ಕಾಮಗಾರಿಯ ಟೆಂಡರು. ಇವುಗಳ ನಡುವೆ ಹನ್ನೊಂದನೆಯದೋ ಹದಿನಾಲ್ಕನೆಯದೋ ವಿಷಯವಾಗಿ ಸರಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಾಡಿನ ದುರಸ್ತಿ ಕುಳಿತಿರುತ್ತದೆ. ಒಂದೆರಡು ನಿಮಿಷಗಳಲ್ಲಿ ಅದು ತೀರ್ಮಾನವಾಗುತ್ತದೆ, ಇಲ್ಲವೇ ಮುಂದಿನ ಸಭೆಗೆ ಸರಿಯುತ್ತದೆ.

ಭಾಷೆಯ ಪ್ರಶ್ನೆ ಬಂದಾಗ ಕಾಸರಗೋಡಿನ ಕನ್ನಡಿಗರು ವಿದ್ಯಾನಗರದ ಜಿಲ್ಲಾಧಿಕಾರಿ ಕಚೇರಿಯತ್ತ ಮೆರವಣಿಗೆ ಹೋಗುವುದನ್ನು ಅರಿತಿದ್ದಾರೆ, ತಿರುವನಂತಪುರಕ್ಕೆ ಮನವಿ ಕಳುಹಿಸುವುದನ್ನು ಅರಿತಿದ್ದಾರೆ. ಆದರೆ ತಮ್ಮ ಮಕ್ಕಳು ಕುಳಿತು ಕಲಿಯುವ ಕೋಣೆಯ ಯಜಮಾನಿಕೆ ಯಾರದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ದೂರದಲ್ಲಿಲ್ಲ. ಕಾಯಿದೆಯ ಮೂರನೆಯ ಅನುಸೂಚಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ: ಸರಕಾರಿ ಪೂರ್ವ ಪ್ರಾಥಮಿಕ ಮತ್ತು ಪ್ರಾಥಮಿಕ ಶಾಲೆಗಳನ್ನು ನಡೆಸುವುದು ಗ್ರಾಮ ಪಂಚಾಯತಿನ ಕೆಲಸ. ಸರಕಾರಿ ಪ್ರೌಢಶಾಲೆಗಳು ಮತ್ತು ಅವುಗಳಿಗೆ ಸೇರಿಕೊಂಡ ಪ್ರಾಥಮಿಕ ವಿಭಾಗಗಳು ಐದನೆಯ ಅನುಸೂಚಿಯ ಪ್ರಕಾರ ಜಿಲ್ಲಾ ಪಂಚಾಯತಿನ ಪಾಲು. ಅಧ್ಯಾಪಕರ ವೇತನ, ನೇಮಕಾತಿ, ಪಠ್ಯಪುಸ್ತಕ ಮುಂತಾದವು ಶಿಕ್ಷಣ ಇಲಾಖೆಯ ಬಳಿಯೇ ಉಳಿದಿವೆ. ಗೋಡೆ, ಮಾಡು, ಶೌಚಾಲಯ, ಬಾವಿ, ಆವರಣ ಇವು ಪಂಚಾಯತಿನ ಆಸ್ತಿಯ ಪುಸ್ತಕಕ್ಕೆ ಸೇರಿವೆ.

ಇಲ್ಲೊಂದು ಭೇದವನ್ನು ಗಮನಿಸಬೇಕು. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಅನುದಾನಿತ ಶಾಲೆಗಳು ಸಾಕಷ್ಟಿವೆ. ಅವುಗಳ ಕಟ್ಟಡ ಖಾಸಗಿ ಆಡಳಿತದವರದು. ಅದು ಪಂಚಾಯತಿನ ಆಸ್ತಿಯಲ್ಲ. ಅನುದಾನಿತ ಶಾಲೆಯ ಸೋರುವ ಮಾಡಿಗಾಗಿ ವಾರ್ಡು ಸದಸ್ಯರನ್ನು ದೂರಿ ಪ್ರಯೋಜನವಿಲ್ಲ. ಸರಕಾರಿ ಶಾಲೆಯ ಸೋರುವ ಮಾಡಿಗಾಗಿ ಮುಖ್ಯೋಪಾಧ್ಯಾಯರನ್ನು ದೂರುವುದೂ ಅಷ್ಟೇ ವ್ಯರ್ಥ.

ಜಿಲ್ಲೆಯಲ್ಲಿ ಮೂವತ್ತೆಂಟು ಗ್ರಾಮ ಪಂಚಾಯತುಗಳಿವೆ. ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ದೇಲಂಪಾಡಿ ಮುಂತಾದೆಡೆ ಕನ್ನಡ ಶಾಲೆಗಳ ಭವಿಷ್ಯವೂ ಪಂಚಾಯತಿನ ತಿಂಗಳ ಸಭೆಯೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿವೆ.

ಪಂಚಾಯತಿಗೆ ಹಣ ಬರುವ ದಾರಿ ಅರ್ಥವಾಗದೆ ಅದು ವೆಚ್ಚವಾಗುವ ದಾರಿ ಅರ್ಥವಾಗದು. ಸ್ವಂತ ವರಮಾನವೆಂದರೆ ಕಟ್ಟಡ ತೆರಿಗೆ, ವೃತ್ತಿ ತೆರಿಗೆ, ಪರವಾನಗಿ ಶುಲ್ಕ, ಅಂಗಡಿ ಕೋಣೆಗಳ ಬಾಡಿಗೆ ಇತ್ಯಾದಿ. ವೃತ್ತಿ ತೆರಿಗೆಗೆ ಸಂವಿಧಾನದ 276ನೆಯ ವಿಧಿಯೇ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ದೊಡ್ಡ ಪೇಟೆಯಾಗಲಿ ಕಾರ್ಖಾನೆಯಾಗಲಿ ಇಲ್ಲದ ಗಡಿಭಾಗದ ಪಂಚಾಯತುಗಳಿಗೆ ಈ ವರಮಾನ ಸಾಲದು. ಆದ್ದರಿಂದ ಅವು ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಬರುವ ಮೂರು ನಿಧಿಗಳನ್ನು ನಂಬಿ ನಿಂತಿವೆ: ಅಭಿವೃದ್ಧಿ ಅಥವಾ ಯೋಜನಾ ನಿಧಿ, ಸಂರಕ್ಷಣಾ ನಿಧಿ, ಸಾಮಾನ್ಯ ಉದ್ದೇಶ ನಿಧಿ. ಕೇಂದ್ರ ಹಣಕಾಸು ಆಯೋಗದ ಅನುದಾನ ಬೇರೆ ಇದೆ. ಹದಿನೈದನೆಯ ಆಯೋಗದ 2021ರಿಂದ 26ರ ವರೆಗಿನ ಅವಧಿಯಲ್ಲಿ ಅದರ ಶೇಕಡಾ 60 ಭಾಗ ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಮೀಸಲು ಎಂಬ ನಿಬಂಧನೆಯಿತ್ತು.

ಹೆತ್ತವರು ನೆನಪಿಡಬೇಕಾದುದು ಈ ಮೂರರಲ್ಲಿ ನಡುವಿನದನ್ನು. ಸಂರಕ್ಷಣಾ ನಿಧಿ ಎರಡು ಕವಲಾಗಿ ಬರುತ್ತದೆ. ಒಂದು ರಸ್ತೆಗಳಿಗೆ, ಇನ್ನೊಂದು ರಸ್ತೆಯಲ್ಲದ ಆಸ್ತಿಗಳಿಗೆ. ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಕೃಷಿ ಭವನ, ಪಶು ಚಿಕಿತ್ಸಾಲಯ ಇವೆಲ್ಲ ಎರಡನೆಯ ಕವಲಿನಲ್ಲಿ ಕೈಚಾಚಿ ನಿಂತಿರುತ್ತವೆ. ಒಡೆದ ಹಂಚನ್ನು ಬದಲಿಸಲು, ಗೆದ್ದಲು ತಿಂದ ಪಕ್ಕಾಸನ್ನು ತೆಗೆದು ಹೊಸದನ್ನು ಇಡಲು ಹಣ ದೊರೆಯಬೇಕಾದುದು ಮುಖ್ಯವಾಗಿ ಇಲ್ಲಿಂದ. ಹೊಸ ಕೋಣೆ ಕಟ್ಟುವುದಾದರೆ ಯೋಜನಾ ನಿಧಿಯತ್ತ ನೋಡಬೇಕು. ಶಾಲೆಯ ಹೆಸರು ಆಸ್ತಿಯ ಪುಸ್ತಕದಲ್ಲಿ ಸರಿಯಾಗಿ ಇದೆಯೇ, ಜಾಗದ ಸರ್ವೆ ನಂಬರು, ಕಟ್ಟಡಗಳ ಸಂಖ್ಯೆ, ಬಾವಿ, ಆವರಣ ಗೋಡೆ ನಮೂದಾಗಿವೆಯೇ ಎಂಬುದನ್ನು ಅಧ್ಯಾಪಕ ರಕ್ಷಕ ಸಂಘದವರು ಒಮ್ಮೆ ಪರಿಶೀಲಿಸುವುದು ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದಕ್ಕಿಂತ ಮುಖ್ಯವಾದ ಕೆಲಸ. ಪುಸ್ತಕದಲ್ಲಿಲ್ಲದ ಗೋಡೆ ಬಿದ್ದರೆ ಅದನ್ನು ಎತ್ತಿ ಕಟ್ಟಲು ಯಾವ ಶೀರ್ಷಿಕೆಯಲ್ಲೂ ಹಣ ಹುಡುಕುವುದು ಕಷ್ಟ.

ಯೋಜನಾ ನಿಧಿಯ ಕಥೆ ದೀರ್ಘವಾದುದು. 1996ರ ಜನಕೀಯ ಯೋಜನಾ ಆಂದೋಲನದಿಂದ ಬಂದ ಪದ್ಧತಿಯಂತೆ ಕಾರ್ಯಕಾರಿ ಗುಂಪುಗಳು ವಿಷಯವಾರು ಚರ್ಚಿಸಿ ಸಲಹೆ ಕೊಡುತ್ತವೆ, ಗ್ರಾಮಸಭೆಗಳು ನಡೆಯುತ್ತವೆ, ಅಭಿವೃದ್ಧಿ ವಿಚಾರಗೋಷ್ಠಿ ನಡೆಯುತ್ತದೆ, ಕಾಮಗಾರಿಗಳ ಪಟ್ಟಿ ಸಿದ್ಧವಾಗಿ ಜಿಲ್ಲಾ ಯೋಜನಾ ಸಮಿತಿಯ ಮುಂದೆ ಹೋಗುತ್ತದೆ. ನಿಧಿಯ ಶೇಕಡಾ 10 ಭಾಗ ಮಹಿಳೆಯರ ಯೋಜನೆಗಳಿಗೆ ಹೋಗಲೇಬೇಕು. ಅನುಮೋದನೆ ಬಂದ ಬಳಿಕ ಅಂದಾಜುಪಟ್ಟಿ, ತಾಂತ್ರಿಕ ಅನುಮತಿ, ಟೆಂಡರು. ಈ ಸಾಲಿನ ಕೊನೆಯಲ್ಲಿ ನಿಂತಿರುವವರು ಸಹಾಯಕ ಇಂಜಿನಿಯರರು. ಅವರ ಹುದ್ದೆ ಖಾಲಿ ಬಿದ್ದರೆ ಮೇಲಿನ ಎಲ್ಲ ಪ್ರಜಾಪ್ರಭುತ್ವವೂ ಕಾಗದದಲ್ಲೇ ನಿಲ್ಲುತ್ತದೆ. ಊರವರೇ ಗುಣಭೋಕ್ತೃ ಸಮಿತಿ ರಚಿಸಿಕೊಂಡು ಗುತ್ತಿಗೆದಾರನಿಲ್ಲದೆ ಕೆಲಸ ಮಾಡಿಸುವ ಪದ್ಧತಿಯೂ ಆ ಆಂದೋಲನದ ಕೊಡುಗೆಯೇ. ಶಾಲೆಯ ಸಣ್ಣ ಕೆಲಸಗಳಿಗೆ ಅದು ಒಪ್ಪುವಂಥದು, ಆದರೆ ಸಮಿತಿಯ ಹೆಸರಿನಲ್ಲಿ ಗುತ್ತಿಗೆದಾರನೇ ಹಿಂದೆ ನಿಂತಿರುವಲ್ಲಿ ಅದರ ಅರ್ಥ ಕೆಡುತ್ತದೆ.

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂಬುದೇ ಶಾಲೆಗಳ ಮಟ್ಟಿಗೆ ಒಂದು ವಿಪರ್ಯಾಸ. ಮಕ್ಕಳಿಲ್ಲದೆ ಮಾಡು ಬಿಚ್ಚಲು ಅನುಕೂಲವಾದ ಕಾಲ ಏಪ್ರಿಲ್ ಮತ್ತು ಮೇ. ಮಾರ್ಚಿನಲ್ಲಿ ಬಿಲ್ಲುಗಳು ಖಜಾನೆಯ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಮುಗಿಯದ ಕೆಲಸ ಉಳಿಕೆ ಕಾಮಗಾರಿಯೆಂಬ ಹೆಸರಿನಲ್ಲಿ ಮುಂದಿನ ವರ್ಷದ ಪುಸ್ತಕಕ್ಕೆ ದಾಟುತ್ತದೆ. ಹೊಸ ವರ್ಷದ ಹಣ ಕೈಗೆ ಬಂದು ಕಾಗದಪತ್ರ ಕೂಡಿಬರುವಷ್ಟರಲ್ಲಿ ಜೂನ್ ತಿಂಗಳ ಮಳೆ ಹಂಚಿನ ಮೇಲಿರುತ್ತದೆ. ಲೆಕ್ಕದ ವರ್ಷವನ್ನು ನಿಶ್ಚಯಿಸಿದವರು ತುಳುನಾಡಿನ ಮಳೆಗಾಲವನ್ನು ಕಂಡವರಾಗಿರಲಿಕ್ಕಿಲ್ಲ.

ಗ್ರಾಮಸಭೆಯ ವಿಷಯಕ್ಕೆ ಬರೋಣ. ಕಾಯಿದೆಯ 3ನೆಯ ಪ್ರಕರಣದಂತೆ ವಾರ್ಡಿನ ಎಲ್ಲ ಮತದಾರರೂ ಅದರ ಸದಸ್ಯರು. ಮೂರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಕರೆಯುವ ಹೊಣೆ ವಾರ್ಡು ಸದಸ್ಯರದು. ಸತತ ಎರಡು ಬಾರಿ ಕರೆಯದೆ ತಪ್ಪಿದವರು ಸದಸ್ಯತ್ವಕ್ಕೇ ಎರವಾಗುತ್ತಾರೆ. ಮತದಾರರಲ್ಲಿ ಶೇಕಡಾ 10 ಮಂದಿ ಬಂದರೆ ಕೋರಂ ಆಗುತ್ತದೆ. ಸಾವಿರದ ಇನ್ನೂರು ಮತದಾರರಿರುವ ವಾರ್ಡಿನಲ್ಲಿ ಇದರ ಅರ್ಥ ನೂರಿಪ್ಪತ್ತು ಜನ. ಮನೆ ಅನುದಾನ, ಆಡು, ಕೋಳಿ, ತೆಂಗಿನ ಸಸಿ ಇವುಗಳ ಫಲಾನುಭವಿ ಪಟ್ಟಿ ತಯಾರಾಗುವ ದಿನ ಜನ ಕೂಡುತ್ತಾರೆ. ಉಳಿದ ದಿನಗಳಲ್ಲಿ ಹಾಜರಿ ಪುಸ್ತಕ ಮನೆಮನೆಗೆ ತಿರುಗಿ ಸಹಿ ಪಡೆಯುವ ರೂಢಿ ಹಲವೆಡೆ ಬೆಳೆದಿದೆ. ಇಂಥ ಸಹಿಯನ್ನು ಉಪಕಾರವೆಂದು ಭಾವಿಸಿ ಹಾಕುವವರು ತಮ್ಮ ಒಂದು ಅಧಿಕಾರವನ್ನೇ ಬರೆದುಕೊಡುತ್ತಾರೆ. ಗ್ರಾಮಸಭೆ ನಿಶ್ಚಯಿಸಿದ ಫಲಾನುಭವಿಗಳ ಆದ್ಯತಾ ಕ್ರಮವನ್ನು ಬದಲಿಸಲು ಪಂಚಾಯತಿಗೂ ಅಧಿಕಾರವಿಲ್ಲ. ವಾರ್ಡಿನ ಕಾಮಗಾರಿಯ ಅಂದಾಜುಪಟ್ಟಿಯನ್ನು ತಿಳಿಯುವ, ಪ್ರತಿ ತೀರ್ಮಾನಕ್ಕೆ ಕಾರಣ ಕೇಳುವ ಹಕ್ಕೂ ಈ ಸಭೆಗಿದೆ. ಶೇಕಡಾ 10 ಮಂದಿ ಲಿಖಿತವಾಗಿ ಕೇಳಿದರೆ ವಿಶೇಷ ಸಭೆಯನ್ನೇ ಕರೆಯಬೇಕಾಗುತ್ತದೆ.

ಹೆತ್ತವರ ಕೈಯಲ್ಲಿ ಇನ್ನೂ ಒಂದು ಸಾಧನವಿದೆ, ಅದರ ಉಪಯೋಗ ಕಡಮೆ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಶಾಲೆಯಲ್ಲಿ ನಿರ್ವಹಣಾ ಸಮಿತಿ ಇರಬೇಕು. ಅದರ ಮುಕ್ಕಾಲು ಪಾಲು ಸದಸ್ಯರು ಹೆತ್ತವರು ಅಥವಾ ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಈ ಸಮಿತಿ ಶಾಲಾ ಅಭಿವೃದ್ಧಿ ಯೋಜನೆಯನ್ನು ತಯಾರಿಸಬೇಕು. ಇಲ್ಲಿಯವರೆಗೆ ಎಲ್ಲರಿಗೂ ತಿಳಿದದ್ದೇ. ಆದರೆ 22ನೆಯ ಪ್ರಕರಣದ ಎರಡನೆಯ ಉಪಪ್ರಕರಣವನ್ನು ಓದಿದವರು ಕಡಮೆ: ಸರಕಾರವಾಗಲಿ ಸ್ಥಳೀಯ ಪ್ರಾಧಿಕಾರವಾಗಲಿ ಮಾಡುವ ಯೋಜನೆಗೂ ಕೊಡುವ ಅನುದಾನಕ್ಕೂ ಆ ಶಾಲಾ ಯೋಜನೆಯೇ ಆಧಾರವಾಗತಕ್ಕದ್ದು. ಸ್ಥಳೀಯ ಪ್ರಾಧಿಕಾರ ಎಂಬ ಮಾತಿನಲ್ಲಿ ಪಂಚಾಯತೂ ಸೇರಿದೆ ಎಂದು ಅದೇ ಕಾಯಿದೆ ಹೇಳುತ್ತದೆ. ಹಾಗಾಗಿ ನಾಲ್ಕು ಸಾಲಿನ ಮನವಿಯನ್ನು ವಾರ್ಡು ಸದಸ್ಯರ ಕೈಗೆ ಕೊಡುವುದಕ್ಕೂ, ನಿರ್ವಹಣಾ ಸಮಿತಿ ಅಂಗೀಕರಿಸಿದ ಯೋಜನೆಯನ್ನು ಆರೋಗ್ಯ ಮತ್ತು ಶಿಕ್ಷಣ ಸ್ಥಾಯಿ ಸಮಿತಿಯ ಮುಂದಿಟ್ಟು ಸ್ವೀಕೃತಿ ಪಡೆಯುವುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದು ಬೇಡಿಕೆ; ಎರಡನೆಯದು ದಾಖಲೆ.

ಕನ್ನಡ ಶಾಲೆಗೆ ಇದಕ್ಕಿಂತ ಹಳೆಯದೊಂದು ಆಸರೆಯೂ ಉಂಟು. ರಾಜ್ಯ ಪುನರ್ವಿಂಗಡಣೆಯ ವರ್ಷವಾದ 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಒದಗಿಸಲು ಪ್ರಯತ್ನಿಸುವ ಹೊಣೆಯನ್ನು ರಾಜ್ಯಗಳ ಮೇಲೆ ಹೊರಿಸಿದೆ. ಭಾಷಣಗಳಲ್ಲಿ ಈ ವಿಧಿಯ ಉಲ್ಲೇಖ ಆಗಾಗ ಬರುತ್ತದೆ. ಆದರೆ ಅದು ರಾಜ್ಯವನ್ನು ಮಾತ್ರ ಹೆಸರಿಸಿ ನಿಂತಿಲ್ಲ. ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಪ್ರಾಧಿಕಾರವನ್ನೂ ಹೆಸರಿಸಿದೆ. ಕನ್ನಡ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ, ಪೂರ್ವ ಪ್ರಾಥಮಿಕ ತರಗತಿಗೆ ಕೋಣೆ, ಸೌಕರ್ಯದ ಇಂಥ ಯಾವ ಪ್ರಸ್ತಾಪ ಬಂದಾಗಲೂ ಅದು ಮೇಲಿನವರ ವಿಷಯವೆಂದು ಪಂಚಾಯತು ಕೈತೊಳೆದುಕೊಳ್ಳುವಂತಿಲ್ಲ. ಈ ವಿಧಿ ಪ್ರಯತ್ನವನ್ನು ಹೇಳುತ್ತದೆ, ಫಲವನ್ನು ಖಾತರಿಪಡಿಸುವುದಿಲ್ಲ. ನ್ಯಾಯಾಲಯದಲ್ಲಿ ಅದರ ಬಲಕ್ಕೆ ಮಿತಿಯಿದೆ. ಪಂಚಾಯತು ಸಭೆಯಲ್ಲಿ ಠರಾವಿನ ಪೀಠಿಕೆಯಾಗಿ ಬರೆಯಲು ಮಾತ್ರ ಅದಕ್ಕಿಂತ ಗಟ್ಟಿಯಾದ ವಾಕ್ಯ ಬೇರೆ ದೊರೆಯದು.

ಕಡತದ ಭಾಷೆಯೇ ದೊಡ್ಡ ತೊಡಕು. ನಡವಳಿ, ಯೋಜನಾ ಪತ್ರ, ಲೆಕ್ಕ ಪರಿಶೋಧನಾ ವರದಿ ಬಹುಪಾಲು ಮಲಯಾಳದಲ್ಲಿರುತ್ತವೆ. ಮಲಯಾಳವನ್ನು ಮಾತಿನಲ್ಲಿ ಬಲ್ಲ ಅನೇಕ ಹೆತ್ತವರಿಗೆ ಅದರ ಲಿಪಿ ಬಾರದು. ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡುವ, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯುವ ಅವಕಾಶ ಕೊಟ್ಟಿದೆ. ಪಂಚಾಯತು ಸರಕಾರದ ಕಚೇರಿಯಲ್ಲ, ಪ್ರತ್ಯೇಕ ಸಂಸ್ಥೆ ಎಂದು ಯಾರಾದರೂ ವಾದಿಸಿಯಾರು. ಅಂಥವರಿಗೆ ಸಂವಿಧಾನದ 350ನೆಯ ವಿಧಿಯನ್ನು ತೋರಿಸಬಹುದು: ಕುಂದುಕೊರತೆಯ ಮನವಿಯನ್ನು ರಾಜ್ಯದ ಯಾವುದೇ ಅಧಿಕಾರಿಗೆ ಅಥವಾ ಪ್ರಾಧಿಕಾರಕ್ಕೆ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಅದು ಹೇಳುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆದು ಸ್ವೀಕೃತಿಯ ಮುದ್ರೆ ಕೇಳಿ ಪಡೆಯಬೇಕು. ಅಕ್ಷಯ ಕೇಂದ್ರದಲ್ಲಿ ಕುಳಿತವರು ಸುಲಭವಾಗುತ್ತದೆಂದು ಮಲಯಾಳದಲ್ಲಿ ಬರೆದುಕೊಟ್ಟ ಅರ್ಜಿ ಬೇಗ ಸಾಗಬಹುದು. ಆದರೆ ಆ ಕಚೇರಿಗೆ ಕನ್ನಡ ಬಲ್ಲ ಗುಮಾಸ್ತರು ಬೇಕೆಂದು ಮುಂದೆ ತೋರಿಸಲು ಕಡತದಲ್ಲಿ ಒಂದು ಕನ್ನಡ ಕಾಗದವೂ ಉಳಿಯುವುದಿಲ್ಲ.

ಪಂಚಾಯತಿನ ಲೆಕ್ಕವನ್ನು ರಾಜ್ಯ ಲೆಕ್ಕ ಪರಿಶೋಧನಾ ಇಲಾಖೆ ವರ್ಷಂಪ್ರತಿ ಪರಿಶೀಲಿಸುತ್ತದೆ. ನಷ್ಟಕ್ಕೆ ಕಾರಣರಾದವರಿಂದ ಆ ಮೊತ್ತವನ್ನು ವಸೂಲು ಮಾಡಲು 1994ರ ಸ್ಥಳೀಯ ನಿಧಿ ಪರಿಶೋಧನಾ ಕಾಯಿದೆಯಲ್ಲಿ ಅವಕಾಶವಿದೆ. ದುರಾಡಳಿತದ ದೂರನ್ನು ಪಂಚಾಯತ್ ರಾಜ್ ಕಾಯಿದೆಯಡಿ ನೇಮಕವಾದ ಓಂಬುಡ್ಸ್‌ಮನ್ ಮುಂದೆ ಕೊಂಡೊಯ್ಯಬಹುದು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಆದರೂ ಇವೆಲ್ಲ ಹಣ ವೆಚ್ಚವಾದ ಮೇಲಿನ ದಾರಿಗಳು.

ಅದಕ್ಕೆ ಮುಂಚಿನ ದಾರಿ ಮುಂಗಡಪತ್ರದ್ದು. ಹಣಕಾಸು ಸ್ಥಾಯಿ ಸಮಿತಿಯ ಅಧ್ಯಕ್ಷತೆ ಪದನಿಮಿತ್ತವಾಗಿ ಉಪಾಧ್ಯಕ್ಷರದು. ಮಾರ್ಚ್ ಮುಗಿಯುವ ಮೊದಲು ಮುಂಗಡಪತ್ರವನ್ನು ಮಂಡಿಸುವವರೂ ಅವರೇ. ಆ ಹೊತ್ತಿಗೆ ಶಾಲೆಯ ಹೆಸರು ಪಟ್ಟಿಯಲ್ಲಿರಬೇಕಾದರೆ ಶಾಲಾ ಯೋಜನೆ ಗ್ರಾಮಸಭೆಯನ್ನೂ ಕಾರ್ಯಕಾರಿ ಗುಂಪನ್ನೂ ಅದಕ್ಕೆ ಮೊದಲೇ ದಾಟಿರಬೇಕು. ಮೇ ತಿಂಗಳಲ್ಲಿ, ಶಾಲೆ ತೆರೆಯುವ ಮುನ್ನ, ಇಂಜಿನಿಯರರು ಬಂದು ಕಟ್ಟಡ ಯೋಗ್ಯವೆಂದು ಪ್ರಮಾಣಪತ್ರ ಕೊಡಬೇಕು. ಅದರ ಪ್ರತಿಯನ್ನು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಯಾವ ಹೆತ್ತವರೂ ಕೇಳಿ ನೋಡಬಹುದು. ಯಾವ ಕಟ್ಟಡಕ್ಕೆ ಕೊಟ್ಟಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂಬುದು ಅದರಲ್ಲಿ ಬರೆದಿರುತ್ತದೆ.