ಒಂದು ಅಂಗಿ, ನಾಲ್ಕು ನಿಮಿಷ

ನನಗೀಗ 74 ವರ್ಷ. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದೆ. ಒಂದು ದಿನವೂ ಸುಕ್ಕಾದ ಅಂಗಿ ತೊಟ್ಟು ಕೌಂಟರಿನಲ್ಲಿ ಕುಳಿತವನಲ್ಲ. ಅದು ನನ್ನ ಶಿಸ್ತು ಎಂದೇ ಅಂದುಕೊಂಡಿದ್ದೆ. ಅದು ಯಾರ ಶಿಸ್ತು ಎನ್ನುವುದು ತಿಳಿದದ್ದು ಹೋದ ವರ್ಷದ ಆಷಾಢದಲ್ಲಿ.

ನಮ್ಮದು ಶಿವಮೊಗ್ಗ. ಜಿಟಿಜಿಟಿ ಮಳೆ ಹಿಡಿದಿತ್ತು. ಹಿತ್ತಲಿನ ಪಾಚಿಗಟ್ಟಿದ ಕಲ್ಲಿನ ಮೇಲೆ ನನ್ನಾಕೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಶನಿವಾರ ಬಂದು ಭಾನುವಾರ ಹೋಗುತ್ತಾನೆ. ಸೊಸೆ ಹಳ್ಳಿಯ ಶಾಲೆಯೊಂದರಲ್ಲಿ ಟೀಚರ್, ಬೆಳಿಗ್ಗೆ ಏಳೂಕಾಲರ ಬಸ್ಸು ತಪ್ಪಿಸುವ ಹಾಗಿಲ್ಲ. ಅಡುಗೆಮನೆಯನ್ನು ಅವಳೇ ವಹಿಸಿಕೊಂಡಳು. ನಾನು ಸುಮ್ಮನಿರಲಾರದೆ, “ಇಸ್ತ್ರಿ ನನಗಿರಲಿ” ಎಂದೆ. ಬಿಸಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಎಳೆಯುವುದು ತಾನೇ, ಅದೇನು ಮಹಾ ವಿದ್ಯೆ ಎಂಬ ಧೈರ್ಯ.

ಮೊದಲ ಸೋಮವಾರವೇ ಆ ಧೈರ್ಯ ಇಳಿಯಿತು. ಮೊಮ್ಮಗಳು ಏಳನೇ ತರಗತಿ. ಅವಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಲು ಕುಳಿತೆ. ಬೇಗ ಮುಗಿಯಲಿ ಎಂದು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಅಷ್ಟರಲ್ಲಿ ಹಾಲಿನವನು ಕರೆದ. ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ಬಾಗಿಲಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ನೆರಿಗೆಗಳ ನಡುವೆ ಕಂದುಬಣ್ಣದ ದೊಡ್ಡ ಗುರುತು. ಎತ್ತಿದರೆ ಬಟ್ಟೆ ಪೆಟ್ಟಿಗೆಗೇ ಅಂಟಿಕೊಂಡಿತ್ತು.

ಮಗು ಅಳಲಿಲ್ಲ. ಹಿಂದಿನ ವರ್ಷದ, ಮೊಣಕಾಲಿಗಿಂತ ಮೇಲಾಗಿದ್ದ ಸಮವಸ್ತ್ರವನ್ನು ಎಳೆದೆಳೆದು ತೊಟ್ಟುಕೊಂಡು ವ್ಯಾನ್ ಹತ್ತಿದಳು. ದಿನವೂ ಟಾಟಾ ಮಾಡುವವಳು ಆ ದಿನ ಮಾಡಲಿಲ್ಲ.

ಸಂಜೆ ನನ್ನಾಕೆ ಒಂದೇ ಮಾತು ಹೇಳಿದಳು: “ಮುರಿದಿರೋದು ನನ್ನ ಕೈ. ಬಾಯಿ ಚೆನ್ನಾಗೇ ಇದೆ. ಒಂದು ಮಾತು ಕೇಳಬಹುದಿತ್ತಲ್ರೀ.”

ಮಾರನೆಯ ದಿನದಿಂದ ಅವಳು ಕುರ್ಚಿಯಲ್ಲಿ ಕುಳಿತು ಮೇಷ್ಟರಾದಳು, ನಾನು ವಿದ್ಯಾರ್ಥಿಯಾದೆ. ಬ್ಯಾಂಕಿನ ಹಳೆಯ ಚಾಳಿ, ಒಂದು ಡೈರಿಯಲ್ಲಿ ಲೆಕ್ಕ ಬರೆದಿಡತೊಡಗಿದೆ: ತಾರೀಖು, ಬಟ್ಟೆ, ನಿಮಿಷ. ಮೊದಲ ಅಂಗಿಗೆ 13 ನಿಮಿಷ ಹಿಡಿದಿತ್ತು. ದಸರೆಯ ಹೊತ್ತಿಗೆ 4 ನಿಮಿಷಕ್ಕೆ ಇಳಿಯಿತು. ನನ್ನ ಕೈಯೇನೂ ಚುರುಕಾಗಲಿಲ್ಲ, ಈ ವಯಸ್ಸಿನಲ್ಲಿ ಆಗುವುದೂ ಇಲ್ಲ. ಕೆಲಸದ ಕ್ರಮ ಬದಲಾಯಿತು, ಅಷ್ಟೇ.

ತಂಬಿಗೆಯ ಇಸ್ತ್ರಿ

ಮಕ್ಕಳೇ, ನಾನು ನಿಮ್ಮಷ್ಟಿದ್ದಾಗ ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆಯೇ ಇರಲಿಲ್ಲ. ಬಚ್ಚಲ ಒಲೆಯ ಕೆಂಡವನ್ನು ಹಿತ್ತಾಳೆಯ ತಂಬಿಗೆಗೆ ತುಂಬಿ, ಬಟ್ಟೆಯಿಂದ ಕಂಠ ಹಿಡಿದು, ಅದರ ತಳದಿಂದ ಅಂಗಿಯನ್ನು ಉಜ್ಜುತ್ತಿದ್ದೆವು. ಚಡ್ಡಿಯನ್ನು ಮಡಿಸಿ ಹಾಸಿಗೆಯ ಕೆಳಗೆ ಇಟ್ಟು ಮಲಗಿದರೆ ಬೆಳಿಗ್ಗೆ ಗೆರೆ ಬಿದ್ದಿರುತ್ತಿತ್ತು. ಮುಂದೆ ಇದ್ದಿಲಿನ ಪೆಟ್ಟಿಗೆ ಬಂತು. ಅದರ ಭಾರ ಎತ್ತುವುದೇ ಒಂದು ವ್ಯಾಯಾಮ. ಕಿಡಿ ಹಾರಿ ಅಂಗಿಗೆ ತೂತು ಬೀಳದ ಮನೆಯಿರಲಿಲ್ಲ.

ವಿದ್ಯುತ್ ಇಸ್ತ್ರಿ ಪೆಟ್ಟಿಗೆಗೆ ನ್ಯೂಯಾರ್ಕಿನ ಹೆನ್ರಿ ಸೀಲಿ ಎಂಬಾತ ಪೇಟೆಂಟ್ ಪಡೆದದ್ದು 1882ರಲ್ಲಿ. ಅದು ನಮ್ಮ ಮನೆಗೆ ಬರಲು ನನಗೆ ಬ್ಯಾಂಕಿನ ಕೆಲಸ ಸಿಗಬೇಕಾಯಿತು.

ಸುಕ್ಕು ಹೋಗುವುದು ಹೇಗೆ?

ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಹತ್ತಿಯ ನೂಲೆಂದರೆ ಸೆಲ್ಯುಲೋಸ್ ಎಂಬ ವಸ್ತುವಿನ ಉದ್ದುದ್ದ ಸರಪಳಿಗಳು. ಶಾಲೆಯ ಮೈದಾನದಲ್ಲಿ ಮಕ್ಕಳು ಕೈಕೈ ಹಿಡಿದು ನಿಂತ ಹಾಗೆ ಅವು ಒಂದನ್ನೊಂದು ಹಿಡಿದಿರುತ್ತವೆ. ಬಟ್ಟೆ ಮುದುಡಿಕೊಂಡೇ ಒಣಗಿದರೆ ಅವು ಆ ಮುದುಡಿದ ಭಂಗಿಯಲ್ಲೇ ಕೈ ಹಿಡಿದುಬಿಡುತ್ತವೆ. ಅದೇ ಸುಕ್ಕು.

ನೀರು ಒಳಹೊಕ್ಕರೆ ಆ ಹಿಡಿತ ಸಡಿಲವಾಗುತ್ತದೆ. ಬಿಸಿ ಮತ್ತು ಭಾರ ಸೇರಿ ಅವನ್ನು ಸಾಲಾಗಿ ಮಲಗಿಸುತ್ತವೆ. ಬಟ್ಟೆ ಒಣಗಿ ತಣ್ಣಗಾದಾಗ ಹೊಸ ಭಂಗಿಯಲ್ಲಿ ಮತ್ತೆ ಕೈ ಹಿಡಿಯುತ್ತವೆ. ಅಂದರೆ ಬೇಕಾದದ್ದು ನಾಲ್ಕು: ತೇವ, ಬಿಸಿ, ಭಾರ ಮತ್ತು ತಣಿಯಲು ಸ್ವಲ್ಪ ಸಮಯ. ನಾವು ಮಾಡುವ ತಪ್ಪೆಂದರೆ ಬಿಸಿಯೊಂದನ್ನೇ ನಂಬುವುದು. ಕಟ್ಟೊಣಗಿದ ಅಂಗಿಯ ಮೇಲೆ ಹತ್ತು ಸಲ ಪೆಟ್ಟಿಗೆ ಎಳೆದರೂ ಹೋಗದ ಸುಕ್ಕು, ನಾಲ್ಕು ಹನಿ ನೀರು ಚಿಮುಕಿಸಿದರೆ ಎರಡೇ ಎಳೆತಕ್ಕೆ ಹೋಗುತ್ತದೆ.

ಅರ್ಧ ಇಸ್ತ್ರಿ ಹಗ್ಗದ ಮೇಲೆ

ನನ್ನಾಕೆಯ ಮೊದಲ ಪಾಠ ನಡೆದದ್ದು ಮೇಜಿನ ಹತ್ತಿರವಲ್ಲ, ಬಟ್ಟೆ ಒಣಗಿಸುವ ಹಗ್ಗದ ಹತ್ತಿರ. ಒಗೆಯುವ ಯಂತ್ರ ನಿಂತ ಮೇಲೆ ಬಟ್ಟೆಗಳನ್ನು ಅದರಲ್ಲೇ ಬಿಡಬಾರದು. ಹಿಂಡಿದ ಸುಕ್ಕು ಅಲ್ಲಿಯೇ ಗಟ್ಟಿಯಾಗುತ್ತದೆ. ಒಂದೊಂದನ್ನೂ ತೆಗೆದು ಎರಡು ಸಲ ಜೋರಾಗಿ ಕೊಡವಬೇಕು. ಅಂಗಿಯನ್ನು ಹಗ್ಗದ ಮೇಲೆ ಮಡಿಸಿ ಹಾಕುವ ಬದಲು ಹ್ಯಾಂಗರಿಗೆ ಹಾಕಿ, ಕಾಲರನ್ನೂ ಗುಂಡಿಪಟ್ಟಿಯನ್ನೂ ಕೈಯಿಂದಲೇ ಎಳೆದು ನೇರ ಮಾಡಬೇಕು. ನೀರಿನ ಭಾರವೇ ಬಟ್ಟೆಯನ್ನು ಕೆಳಗೆ ಎಳೆದು ಅರ್ಧ ಸುಕ್ಕನ್ನು ಬಿಡಿಸುತ್ತದೆ. ಅದಕ್ಕೆ ಕರೆಂಟೂ ಬೇಡ, ತೋಳಿನ ಶಕ್ತಿಯೂ ಬೇಡ.

ಪೂರ್ತಿ ಒಣಗುವ ಮುಂಚೆಯೇ ತೆಗೆಯುವುದು ಎರಡನೆಯ ಪಾಠ. ಹದ ನೋಡುವುದು ಹೀಗೆ: ಬಟ್ಟೆಯನ್ನು ಕೆನ್ನೆಗೆ ತಾಗಿಸಿದರೆ ತಣ್ಣಗನ್ನಿಸಬೇಕು, ಆದರೆ ಕೈಗೆ ನೀರು ಅಂಟಬಾರದು. ಹಸಿ ಬಟ್ಟೆಯನ್ನು ಇಸ್ತ್ರಿಯಿಂದಲೇ ಒಣಗಿಸಲು ಹೊರಟರೆ ಹೊತ್ತೂ ಹೆಚ್ಚು, ಬಿಲ್ಲೂ ಹೆಚ್ಚು. ಮಳೆಗಾಲದಲ್ಲಿ ನಾನು ಈ ತಪ್ಪು ಬಹಳ ಮಾಡಿದೆ. ಈಗ ರಾತ್ರಿ ಫ್ಯಾನಿನ ಕೆಳಗೆ ಹ್ಯಾಂಗರುಗಳನ್ನು ಬಿಡಿಬಿಡಿಯಾಗಿ ತೂಗುಹಾಕುತ್ತೇನೆ.

ಬಟ್ಟೆ ಕಟ್ಟೊಣಗಿಬಿಟ್ಟಿದ್ದರೆ ನೀರು ಚಿಮುಕಿಸಿ, ಸುರುಳಿ ಸುತ್ತಿ, ಒಂದು ಟವೆಲಿನೊಳಗೆ ಅರ್ಧ ಗಂಟೆ ಇಡಿ. ತೇವ ಎಲ್ಲ ಕಡೆಗೂ ಒಂದೇ ಸಮನೆ ಹರಡುತ್ತದೆ. ಗಂಜಿ ಹಾಕಿದ ಪಂಚೆಗಳನ್ನು ನನ್ನ ಅಮ್ಮ ಹೀಗೆಯೇ ಸುತ್ತಿಡುತ್ತಿದ್ದರು. ಅದು ಯಾಕೆಂದು ನನಗೆ 73ನೇ ವಯಸ್ಸಿನಲ್ಲಿ ಅರ್ಥವಾಯಿತು.

ಮೊದಲು ರೇಷ್ಮೆ, ಕೊನೆಗೆ ಹತ್ತಿ

ಪೆಟ್ಟಿಗೆಯ ಗುಂಡಿಯ ಮೇಲೆ ಒಂದು, ಎರಡು, ಮೂರು ಚುಕ್ಕೆಗಳಿರುತ್ತವೆ. ಬಟ್ಟೆಯ ಒಳಬದಿಯ ಚೀಟಿಯಲ್ಲೂ ಅವೇ ಚುಕ್ಕೆಗಳನ್ನು ಕಾಣಬಹುದು. ಒಂದು ಚುಕ್ಕೆ ಎಂದರೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಎರಡು ಎಂದರೆ 150, ಮೂರು ಎಂದರೆ 200. ನೈಲಾನಿನಂಥ ನಾಜೂಕು ಬಟ್ಟೆಗೆ ಒಂದು, ರೇಷ್ಮೆ, ಉಣ್ಣೆ ಮತ್ತು ಪಾಲಿಯೆಸ್ಟರ್ ಮಿಶ್ರಣಕ್ಕೆ ಹೆಚ್ಚೆಂದರೆ ಎರಡು, ಹತ್ತಿಗೆ ಮೂರು. ನಾನು ಸುಟ್ಟ ಸಮವಸ್ತ್ರ ಪಾಲಿಯೆಸ್ಟರ್ ಮಿಶ್ರಣದ್ದು. ಪಾಲಿಯೆಸ್ಟರ್ ಪ್ಲಾಸ್ಟಿಕ್ಕಿನ ಜಾತಿ. ಬಿಸಿ ಅತಿಯಾದರೆ ಮೆತ್ತಗಾಗಿ ಅಂಟುತ್ತದೆ.

ಪೆಟ್ಟಿಗೆ ಬೇಗ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಆದ್ದರಿಂದ ಬಟ್ಟೆಗಳನ್ನು ಮೊದಲೇ ವಿಂಗಡಿಸಿ, ಕಡಿಮೆ ಬಿಸಿಯವನ್ನು ಮೊದಲು ಮುಗಿಸಬೇಕು. ಬ್ಯಾಂಕಿನಲ್ಲಿ ನೋಟುಗಳನ್ನು ಬೆಲೆಯ ಪ್ರಕಾರ ಬೇರೆ ಮಾಡಿಕೊಂಡೇ ಎಣಿಸುತ್ತಿದ್ದೆವು, ಇದೂ ಹಾಗೆಯೇ. ಕೊನೆಯ ಎರಡು ಕರವಸ್ತ್ರ ಉಳಿದಾಗ ಸ್ವಿಚ್ ಆರಿಸಿದರೂ ಉಳಿದ ಬಿಸಿಯಲ್ಲೇ ಅವು ಮುಗಿಯುತ್ತವೆ.

ರೇಷ್ಮೆ ಸೀರೆಗೆ ನೀರು ಚಿಮುಕಿಸಬೇಡಿ, ಕಲೆ ಉಳಿಯಬಹುದು. ಮೇಲೊಂದು ತೆಳುವಾದ ಹತ್ತಿ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ, ಜರಿಯನ್ನು ಒಳಮಗ್ಗುಲಿನಿಂದ ಒತ್ತಬೇಕು. ಕಪ್ಪು ಪ್ಯಾಂಟು, ಚಿತ್ರ ಅಚ್ಚಾದ ಟೀ ಶರ್ಟುಗಳನ್ನೂ ತಿರುವಿ ಹಾಕಿಯೇ ಇಸ್ತ್ರಿ ಮಾಡಬೇಕು.

ದಿನಕ್ಕೊಂದು ಅಂಗಿಗಾಗಿ ಏಳು ಸಲ ಪೆಟ್ಟಿಗೆ ಕಾಯಿಸುವುದೂ ನಷ್ಟದ ವ್ಯವಹಾರ. 1000 ವಾಟಿನ ಪೆಟ್ಟಿಗೆ ಒಂದು ಗಂಟೆ ಬಿಡದೆ ಉರಿದರೆ ಒಂದು ಯೂನಿಟ್. ನಾನು ಭಾನುವಾರ ಬೆಳಿಗ್ಗೆ ಇಡೀ ವಾರದ್ದನ್ನು ಒಂದೇ ಸಲಕ್ಕೆ ಮುಗಿಸುತ್ತೇನೆ.

ಚಿಕ್ಕದು ಮೊದಲು, ದೊಡ್ಡದು ಆಮೇಲೆ

ನನಗೆ ನೆಲದ ಮೇಲೆ ಕೂರಲು ಮಂಡಿ ಬಿಡುವುದಿಲ್ಲ. ಊಟದ ಮೇಜಿನ ಪ್ಲಾಸ್ಟಿಕ್ ಹೊದಿಕೆ ತೆಗೆದು, ಹಳೆಯ ಕಂಬಳಿಯನ್ನು ಎರಡು ಮಡಿಕೆ ಹಾಸಿ, ಮೇಲೊಂದು ಹತ್ತಿ ಪಂಚೆ ಬಿಗಿಯಾಗಿ ಹೊದಿಸುತ್ತೇನೆ. ಮೇಜು ಸೊಂಟದ ಎತ್ತರಕ್ಕಿದ್ದರೆ ಬೆನ್ನು ಬಾಗುವುದಿಲ್ಲ. ಪಕ್ಕದಲ್ಲೊಂದು ಸ್ಟೂಲು ಇರಲಿ.

ಅಂಗಿಯಲ್ಲಿ ಮೊದಲು ಕಾಲರ್, ಅದೂ ತುದಿಯಿಂದ ನಡುವಿಗೆ. ನಡುವಿನಿಂದ ತುದಿಗೆ ತಳ್ಳಿದರೆ ಸುಕ್ಕೆಲ್ಲ ತುದಿಯಲ್ಲಿ ಗುಂಪುಗೂಡುತ್ತದೆ. ಆಮೇಲೆ ಭುಜ, ತೋಳಿನ ಪಟ್ಟಿ, ತೋಳು. ಕೊನೆಗೆ ಮುಂಭಾಗ, ಬೆನ್ನು. ನಾನು ಮೊದಮೊದಲು ಬೆನ್ನಿನಿಂದಲೇ ಶುರುಮಾಡುತ್ತಿದ್ದೆ. ತೋಳು ಮುಗಿಸುವಷ್ಟರಲ್ಲಿ ಬೆನ್ನು ಮತ್ತೆ ಮುದುಡುತ್ತಿತ್ತು. 13 ನಿಮಿಷ ಹೋಗುತ್ತಿದ್ದದ್ದು ಅಲ್ಲೇ.

ಹೆಣ್ಣುಮಕ್ಕಳ ಸಮವಸ್ತ್ರದ ನೆರಿಗೆಗೆ ನನ್ನಾಕೆಯದೊಂದು ಉಪಾಯವಿದೆ. ಒಗೆಯುವ ಮುಂಚೆಯೇ ನೆರಿಗೆಗಳ ತುದಿಯನ್ನು ಉದ್ದುದ್ದ ಕಚ್ಚಾ ಹೊಲಿಗೆಯಿಂದ ಸೇರಿಸಿಬಿಡುವುದು. ನೆರಿಗೆ ಕದಲುವುದಿಲ್ಲ. ಇಸ್ತ್ರಿ ಮುಗಿದ ಮೇಲೆ ದಾರ ಎಳೆದರಾಯಿತು.

ಮುಗಿದ ಬಟ್ಟೆಯನ್ನು ಬಿಸಿಯಾಗಿರುವಾಗಲೇ ತೊಡಬೇಡಿ, ಮಡಿಸಿ ಪೇರಿಸಲೂಬೇಡಿ. ಐದು ನಿಮಿಷ ಹ್ಯಾಂಗರಿನಲ್ಲಿ ತಣಿಯಲಿ. ಸರಪಳಿಗಳು ಹೊಸದಾಗಿ ಕೈ ಹಿಡಿಯುವುದು ಆಗಲೇ. ಇನ್ನು ಟವೆಲು, ಬನೀನು, ಮನೆಯಲ್ಲುಡುವ ಲುಂಗಿಗೆ ಇಸ್ತ್ರಿಯೇ ಬೇಡ. ಚೆನ್ನಾಗಿ ಕೊಡವಿ ಮಡಿಸಿದರೆ ಸಾಕು. ಬಿಟ್ಟುಬಿಡಬಹುದಾದ ಕೆಲಸವನ್ನು ಬಿಡುವುದಕ್ಕಿಂತ ಸುಲಭದ ದಾರಿ ಯಾವುದಿದೆ?

ಮಕ್ಕಳೇ, ಜೋಪಾನ

ಹಿರಿಯರು ಪಕ್ಕದಲ್ಲಿಲ್ಲದೆ ಪೆಟ್ಟಿಗೆ ಮುಟ್ಟಬಾರದು. ಕೈ ಒಣಗಿರಬೇಕು, ಕಾಲಲ್ಲಿ ಚಪ್ಪಲಿ ಇರಬೇಕು. ಮೂರು ಪಿನ್ನಿನ ಪ್ಲಗ್ಗೇ ಆಗಬೇಕು. ವೈರಿನ ಸಿಪ್ಪೆ ಬಿಟ್ಟಿದ್ದರೆ ಉಪಯೋಗಿಸಲೇಬಾರದು. ಯಾರೇ ಕರೆಯಲಿ, ಮೊದಲು ಪೆಟ್ಟಿಗೆ ನಿಲ್ಲಿಸಿ, ಸ್ವಿಚ್ ಆರಿಸಿ, ಆಮೇಲೆ ಬಾಗಿಲಿಗೆ ಹೋಗಿ. ಕೆಂಪು ದೀಪ ತಾನಾಗಿ ಆರಿದರೆ ಪೆಟ್ಟಿಗೆ ತಣ್ಣಗಾಗಿದೆ ಎಂದರ್ಥವಲ್ಲ. ಒಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿರುತ್ತದೆ. ಬಿಸಿಗೆ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗಿ ಪಟ್ಟಿ ಬಾಗುತ್ತದೆ, ಕರೆಂಟಿನ ಸಂಪರ್ಕ ತಪ್ಪುತ್ತದೆ. ಬೇಕಾದಷ್ಟು ಬಿಸಿಯಾಯಿತು ಎಂದೇ ಅದು ಹೇಳುವುದು.

ಕೊನೆಯ ಲೆಕ್ಕ

ಆಗಸ್ಟ್ 15ಕ್ಕೆ ಮೊಮ್ಮಗಳು ಪಥಸಂಚಲನದಲ್ಲಿದ್ದಳು. ಬಿಳಿ ಅಂಗಿ, ಬಿಳಿ ಸ್ಕರ್ಟು. ಹಿಂದಿನ ರಾತ್ರಿ ಇಸ್ತ್ರಿ ಹಾಕುವಾಗ ಅವಳು ಪಕ್ಕದಲ್ಲೇ ನಿಂತಿದ್ದಳು. ಪೂರ್ತಿ ನಂಬಿಕೆ ಬಂದಿರಲಿಲ್ಲವೆಂದು ಕಾಣುತ್ತದೆ. ಬೆಳಿಗ್ಗೆ ಧ್ವಜ ಹಾರಿಸಿ ಅರ್ಧ ಗಂಟೆಗೆ ಮಳೆ ಸುರಿದು ಎಲ್ಲರ ಅಂಗಿಯೂ ತೊಯ್ದು ತೊಪ್ಪೆಯಾಯಿತಂತೆ. ಮನೆಗೆ ಬಂದವಳೇ, “ಅಜ್ಜಾ, ಮಳೆ ಬರೋಕೆ ಮುಂಚೆ ಮಿಸ್ ನೋಡಿದ್ರು. ಚೆನ್ನಾಗಿದೆ ಅಂದ್ರು” ಎಂದಳು. ಮಾರನೆಯ ದಿನದಿಂದ ವ್ಯಾನಿನ ಕಿಟಕಿಯಿಂದ ಮತ್ತೆ ಟಾಟಾ ಶುರುವಾಯಿತು.

ಅದೇ ವಾರ ಡೈರಿಯ ಕೊನೆಯ ಪುಟದಲ್ಲಿ ಒಂದು ಲೆಕ್ಕ ಹಾಕಿದೆ. ಮದುವೆಯಾದ ಮೇಲೆ ನನ್ನ ನೌಕರಿ 34 ವರ್ಷ. ವರ್ಷಕ್ಕೆ 280 ದಿನ ಎಂದುಕೊಂಡರೆ 9,520 ಅಂಗಿಗಳು. ಅಂಗಿಗೆ 6 ನಿಮಿಷದಂತೆ 952 ಗಂಟೆ. ಹಗಲು ರಾತ್ರಿ ಸೇರಿಸಿದರೆ ಸುಮಾರು 40 ದಿನ, ನನ್ನ ಅಂಗಿಗಳಿಗಾಗಿ ಅವಳು ನೆಲದ ಮೇಲೆ ಕುಳಿತಿದ್ದಳು. ದಿನದ ಕೊನೆಗೆ ಒಂದು ರೂಪಾಯಿ ವ್ಯತ್ಯಾಸ ಬಂದರೂ ಅದು ಸರಿಹೋಗುವವರೆಗೆ ಮನೆಗೆ ಹೋಗದವನು ನಾನು. ಈ 40 ದಿನ ನನ್ನ ಯಾವ ಲೆಡ್ಜರಿನಲ್ಲೂ ಇರಲಿಲ್ಲ.

ಅವಳಿಗೆ ಓದಿ ಹೇಳಿದೆ. ಕೇಳಿಸಿಕೊಂಡು, “ಪ್ಯಾಂಟು ಬಿಟ್ಟಿದ್ದೀರಿ” ಎಂದಳು.

ಅವಳ ಪ್ಲಾಸ್ಟರ್ ತೆಗೆದು ಬಹಳ ದಿನವಾಯಿತು. ಆದರೂ ಆ ಮಣಿಕಟ್ಟಿಗೆ ಭಾರ ಆಗುವುದಿಲ್ಲ. ಹಾಗಾಗಿ ಇಸ್ತ್ರಿ ನನ್ನ ಕೈಯಲ್ಲೇ ಉಳಿದಿದೆ. ಭಾನುವಾರ ನಾನು ಅಂಗಿ ಮುಗಿಸುತ್ತೇನೆ, ಮೊಮ್ಮಗಳು ನಮ್ಮ ಕಣ್ಣೆದುರಿಗೇ ಕರವಸ್ತ್ರಗಳನ್ನು ಮುಗಿಸುತ್ತಾಳೆ, ಬಂದಿದ್ದರೆ ಮಗ ತನ್ನದನ್ನು ತಾನೇ ಮಾಡಿಕೊಳ್ಳುತ್ತಾನೆ. ನನ್ನಾಕೆ ಕುರ್ಚಿಯಲ್ಲಿ ಕುಳಿತು ಕಾಲರ್ ಮೇಲೆ ಬೆರಳಾಡಿಸಿ ಪರೀಕ್ಷೆ ಮಾಡುತ್ತಾಳೆ. ಕಳೆದ ವಾರ ನನ್ನ ಎರಡು ಅಂಗಿಗಳನ್ನು ವಾಪಸು ಕಳಿಸಿದಳು.